ಗೋಣಿಚೀಲ ಹುಡುಕುವ ಮುನ್ನ

ಕಳೆದ ಶ್ರಾವಣದ ಒಂದು ಸೋಮವಾರ. ಬೆಂಗಳೂರಿನಲ್ಲಿ ಆಫೀಸಿನ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ಕೂತಿದ್ದೆ. ನೇಸರಗಿಯಿಂದ ಅವ್ವನ ಫೋನು ಬಂತು.

"ಆ ಕರೇ ಗಂಡಬೆಕ್ಕು ಇವತ್ತ ಜಗಲಿಗೇ ಸಿಡಿಸೇತಿ ನೋಡು. ಜ್ವಾಳದ ಚೀಲ ಆತು, ಹಾಸಗಿ ಆತು, ಈಗ ದೇವರೂ ಆದ. ನಿಮ್ಮಪ್ಪ ಚೀಲ ಹುಡುಕಾಕತ್ತಾನ."

ಚೀಲ ಅಂದರೆ ಏನು ಅಂತ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳ್ತೀನಿ. ಮನೆಯ ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಒಂದು ಏಟು. ಕೋಳಿಮರಿ ಹಿಡಿದರೆ ದೊಡ್ಡ ಏಟು. ಆದರೆ ಮನೆಯೊಳಗೆ ಉಚ್ಚೆ ಸಿಡಿಸಲು ಶುರು ಮಾಡಿತು ಅಂದರೆ ಏಟಿನ ಲೆಕ್ಕ ಮುಗಿಯಿತು, ಮುಂದೆ ಚೀಲವೇ. ಖಾಲಿ ಗೋಣಿಚೀಲದೊಳಗೆ ಹಾಲಲ್ಲಿ ಕಲಸಿದ ರೊಟ್ಟಿ ಇಡೋದು, ಬೆಕ್ಕು ಒಳಗೆ ಹೋದ ಕೂಡಲೇ ಬಾಯಿ ಬಿಗಿಯೋದು, ಬೈಕಿನ ಹಿಂದೆ ಕೂತವನ ತೊಡೆಯ ಮೇಲೆ ಇಡೋದು, ಊರು ದಾಟಿ ಹಳ್ಳ ದಾಟಿ ಬಿಟ್ಟು ಬರೋದು. ನೀರು ದಾಟಿಸಿದರೆ ಬೆಕ್ಕಿಗೆ ವಾಪಸ್ ದಾರಿ ಸಿಗಲ್ಲ ಅನ್ನೋದು ನಂಬಿಕೆ. ಸಿಕ್ಕ ಬೆಕ್ಕುಗಳೂ ಇವೆ. ಅವನ್ನು ಎರಡನೇ ಸಲ ಇನ್ನೂ ದೂರ ಬಿಡ್ತಾರೆ.

ಆ ತೊಡೆ ನನ್ನದೂ ಆಗಿತ್ತು ಒಮ್ಮೆ. ಹನ್ನೆರಡು ವರ್ಷದವನಿದ್ದೆ. ಕಾಕಾ ಬೈಕು ಓಡಿಸುತ್ತಿದ್ದ, ನಾನು ಚೀಲದ ಬಾಯಿ ಎರಡೂ ಕೈಯಲ್ಲಿ ಹಿಡಿದಿದ್ದೆ. ಚೀಲ ಬೆಚ್ಚಗಿತ್ತು. ನನಗೆ ಇವತ್ತಿಗೂ ನೆನಪಿರೋದು ಅದೊಂದೇ, ಆ ಬಿಸಿ. ಸ್ವಲ್ಪ ದೂರ ಒದರಿಕೊಂಡ ಬೆಕ್ಕು ಆಮೇಲೆ ಸುಮ್ಮನಾಯ್ತು, ಗೋಣಿಯ ಎಳೆಗಳ ನಡುವಿಂದ ಒಂದು ಉಗುರು ಮಾತ್ರ ನನ್ನ ಚಡ್ಡಿ ದಾಟಿ ತೊಡೆಗೆ ಚುಚ್ಚುತ್ತಿತ್ತು. ಯರಗಟ್ಟಿ ರಸ್ತೆಯಲ್ಲಿ ಒಂದು ಕಬ್ಬಿನ ಹೊಲದ ಬದುವಿನಲ್ಲಿ ಚೀಲ ಬಿಚ್ಚಿದೆವು. ಅದು ಓಡಲಿಲ್ಲ. ಚೀಲದೊಳಗೇ ಕೂತಿತ್ತು. ಕಾಕಾ ಚೀಲವನ್ನು ಬುಡಮೇಲು ಮಾಡಿ ಕೊಡವಿದ. ವಾಪಸ್ ಬರುವಾಗ ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ತಿನ್ನಿಸಿದ. ನಾನು ತಿಂದೆ.

ಒಂದು ತಿಂಗಳು ಕಳೆಯುವುದರೊಳಗೆ ಎಲ್ಲಿಂದಲೋ ಇನ್ನೊಂದು ಮಾಳಬೆಕ್ಕು ಬಂತು. ಬಂದದ್ದೇ ಪಡಸಾಲೆಯ ಅದೇ ಕಂಬಕ್ಕೆ ಬೆನ್ನು ತಿರುಗಿಸಿ, ಬಾಲ ನೆಟ್ಟಗೆ ಎತ್ತಿ, ತುದಿ ನಡುಗಿಸಿ, ಚುರ್ ಅಂತ ಸಿಡಿಸಿತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಬೆಕ್ಕಿನ ಉಚ್ಚೆಯ ವಿಷಯದಲ್ಲಿ ನಮ್ಮ ಹಳ್ಳಿಯವರಿಗೂ ನಮ್ಮ ಕೋರಮಂಗಲದವರಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಹಳ್ಳಿಯಲ್ಲಿ ಚೀಲ, ಇಲ್ಲಿ "ಅರ್ಜೆಂಟ್ ಅಡಾಪ್ಶನ್, ಶಿಫ್ಟಿಂಗ್ ಔಟ್" ಅಂತ ಫೋಟೋ ಸಮೇತ ಒಂದು ಸ್ಟೋರಿ. ಶಿಫ್ಟಿಂಗ್ ಇಲ್ಲ ಏನೂ ಇಲ್ಲ. ಸೋಫಾಗೆ ಸಿಡಿಸಿದೆ ಅಷ್ಟೆ. ಎರಡೂ ಕಡೆ ತೀರ್ಪು ಒಂದೇ: ಬೆಕ್ಕು ಕೆಟ್ಟಿದೆ, ಬೆಕ್ಕಿಗೆ ಸೊಕ್ಕು ಬಂದಿದೆ, ಬೆಕ್ಕು ಸೇಡು ತೀರಿಸಿಕೊಳ್ಳುತ್ತಿದೆ.

ಈ ಸೇಡಿನ ಕಥೆಯನ್ನು ಮೊದಲು ಮುಗಿಸೋಣ. ನನ್ನ ಟೀಮಿನ ಒಬ್ಬ, ಐಐಟಿಯಲ್ಲಿ ಓದಿದವನು, ಒಂದು ಬಗ್ ಬಂದರೆ ಲಾಗ್ ನೋಡದೆ ಬಾಯಿ ಬಿಡದವನು, ನನಗೆ ಗಂಭೀರವಾಗಿ ಹೇಳಿದ: "ನಾನು ಗೋವಾಕ್ಕೆ ಹೋಗಿ ಬಂದೆ ಅಂತ ಕೋಪ ಮಾಡ್ಕೊಂಡು ನನ್ನ ಬ್ಯಾಗ್ ಮೇಲೆ ಮಾಡಿದೆ ಮಾರಾಯಾ." ಲಾಗ್ ನೋಡು ಅಂದೆ. ಬ್ಯಾಗು ಗೋವಾದ ಹೋಂಸ್ಟೇಯಲ್ಲಿ ಮೂರು ದಿನ ಇತ್ತು, ಅಲ್ಲಿ ನಾಯಿ ಬೆಕ್ಕು ಎಲ್ಲ ಅದಕ್ಕೆ ಮೈ ಉಜ್ಜಿವೆ. ಆ ಬ್ಯಾಗು ಮನೆಗೆ ಬಂದಾಗ ನಿನಗೆ ಅದು ಬ್ಯಾಗು, ಬೆಕ್ಕಿಗೆ ಅದು ಬಾಗಿಲು ತಳ್ಳಿಕೊಂಡು ಒಳಗೆ ಬಂದ ನಾಲ್ಕು ಅಪರಿಚಿತರು. ಅದು ತನ್ನ ಹೆಸರು ಬರೆದು ಸಹಿ ಹಾಕಿತು. ನಿನ್ನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಆಫ್ರಿಕಾದ ಕಾಡುಬೆಕ್ಕಿನ ವಂಶದ್ದು. ಮನುಷ್ಯ ಕಾಳು ಕೂಡಿಡಲು ಶುರು ಮಾಡಿದ, ಇಲಿ ಬಂತು, ಇಲಿಯ ಹಿಂದೆ ಅದು ಬಂತು. ನಮ್ಮ ನೇಸರಗಿಯಲ್ಲೂ ಅದೇ ಕರಾರು, ಜೋಳ ಇರೋ ಮನೆಯಲ್ಲಿ ಬೆಕ್ಕು. ಆದರೆ ನಾಯಿಯ ಹಾಗೆ ಗುಂಪು ಕಟ್ಟಿ, ಒಬ್ಬ ಯಜಮಾನನನ್ನು ಒಪ್ಪಿಕೊಂಡು, ಜಗಳವಾದ ಮೇಲೆ ರಾಜಿ ಮಾಡಿಕೊಳ್ಳುವ ವಿದ್ಯೆ ಅದಕ್ಕೆ ಅಷ್ಟಾಗಿ ಬರೋದಿಲ್ಲ. ಜಗಳ ಆಗದಂತೆ ದೂರ ಇರೋದೇ ಅದರ ರಾಜಿ. ಆ ದೂರವನ್ನು ಅದು ಮೂತ್ರದಿಂದ ಬರೆಯುತ್ತದೆ: ನಾನು ಇಲ್ಲಿದ್ದೆ, ಇಂಥ ಹೊತ್ತಲ್ಲಿ ಇದ್ದೆ, ನಾನು ಗಂಡು. ಮನುಷ್ಯನಿಗೆ ಆ ಬರಹ ಓದಲು ಬರೋದಿಲ್ಲ, ಬರೀ ಶಾಯಿಯ ವಾಸನೆ ಬರುತ್ತದೆ. ಶಾಯಿ ಕೂಡ ಸಾಮಾನ್ಯದ್ದಲ್ಲ. ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಅನ್ನೋ ಗಂಧಕವಿರುವ ಅಮೈನೋ ಆಮ್ಲ ಇರುತ್ತದೆ, ಅದು ಒಡೆದಾಗ ಆ ಮೂಗು ಸೀಳುವ ವಾಸನೆ. ಇದನ್ನು ತಯಾರು ಮಾಡಿಸುವ ಕಾಕ್ಸಿನ್ ಎಂಬ ಪ್ರೋಟೀನಿನ ಕೆಲಸವನ್ನು ಜಪಾನಿನ ಸಂಶೋಧಕರು 2006ರಲ್ಲಿ ವಿವರಿಸಿದರು. ಬೀಜ ಇರುವ ಗಂಡಿನಲ್ಲಿ ಅದು ವಿಪರೀತ ಹೆಚ್ಚು. ಹೆಣ್ಣಿನಲ್ಲಿ, ಆಪರೇಶನ್ ಆದ ಗಂಡಿನಲ್ಲಿ ಬಹಳ ಕಡಿಮೆ. ಅಂದರೆ ನಮ್ಮ ಜಗಲಿಗೆ ಸಿಡಿಸಿದ ಕರೇ ಬೆಕ್ಕು ಪಾಪ ಮಾಡಿರಲಿಲ್ಲ, ಪ್ರಾಯಕ್ಕೆ ಬಂದಿತ್ತು.

ಪ್ರಾಯಕ್ಕೆ ಬಂದ ಗಂಡು ಗೋಡೆ ಕಂಡಲ್ಲಿ ಉಚ್ಚೆ ಹೊಯ್ಯುವುದರ ಬಗ್ಗೆ ನಮ್ಮ ರಾಜ್ಯದಲ್ಲಿ ಯಾರಾದರೂ ಅಚ್ಚರಿ ಪಡೋದೇ ನನಗೆ ಅಚ್ಚರಿ. ಯಾವುದೇ ಊರಿನ ಬಸ್‌ಸ್ಟ್ಯಾಂಡ್ ಹಿಂದಿನ ಕಾಂಪೌಂಡ್ ನೋಡಿ. ಗಣಪತಿ, ಏಸು, ಮೆಕ್ಕಾ, ಮೂರೂ ಟೈಲ್ಸು ಸಾಲಾಗಿ ಅಂಟಿಸಿದ್ದರೂ ಅದರ ನಡುವಿನ ಒಂದಡಿ ಜಾಗ ಒದ್ದೆ ಇರುತ್ತದೆ. ಅವರನ್ನು ಯಾರೂ ಚೀಲಕ್ಕೆ ಹಾಕಿ ಹಳ್ಳ ದಾಟಿಸಿಲ್ಲ.

ಇರಲಿ. ಅಪ್ಪನಿಗೆ ಫೋನು ಕೊಡು ಅಂದೆ. ಆಪರೇಶನ್ ಮಾಡಿಸೋಣ ಅಂದೆ. ಆ ಕಡೆಯಿಂದ ಬಂದ ಉತ್ತರ ಕೇಳಿ: "ಮೂಕ ಪ್ರಾಣಿಗೆ ಹಂಗ ಮಾಡಬಾರದಪ. ಪಾಪ ತಟ್ಟತೈತಿ."

ಚೀಲಕ್ಕೆ ಹಾಕಿ ಕಬ್ಬಿನ ಹೊಲದಲ್ಲಿ ಎಸೆದರೆ ತಟ್ಟದ ಪಾಪ, ಹತ್ತು ನಿಮಿಷದ ಆಪರೇಶನ್ನಿಗೆ ತಟ್ಟುತ್ತದೆ! ಅದೂ ಯಾರ ಬಾಯಲ್ಲಿ? ಒಕ್ಕಲುತನದ ಮನೆಯವರ ಬಾಯಲ್ಲಿ. ನಮ್ಮ ಮನೆಯಲ್ಲಿ ಹುಟ್ಟಿದ ಒಂದಾದರೂ ಹೋರಿ ಬೀಜ ಒಡಿಸಿಕೊಳ್ಳದೆ ನೊಗಕ್ಕೆ ಕೊರಳು ಕೊಟ್ಟಿದೆಯಾ? ಹಿಂದೆ ಕಲ್ಲಲ್ಲಿ ಜಜ್ಜುತ್ತಿದ್ದರು, ಈಗ ಡಾಕ್ಟರು ಬರ್ಡಿಜೋ ಇಕ್ಕಳ ತಂದು ನರ ಒತ್ತುತ್ತಾರೆ. ಬೀಜದ ಹೋರಿ ಹಾಯುತ್ತದೆ, ಗೆರೆ ಬಿಟ್ಟು ಓಡುತ್ತದೆ, ಉಳುಮೆಗೆ ಬರೋದಿಲ್ಲ. ಅದಕ್ಕೇ ಎತ್ತು ಮಾಡುತ್ತೇವೆ. ಅದನ್ನು ಪಾಪ ಅಂದವರನ್ನು ನಾನು ನೋಡಿಲ್ಲ. ಅದಕ್ಕೆ ಹೆಸರು ಬೇಸಾಯ. ಎತ್ತು ಹೊಲದಲ್ಲಿ ದುಡಿಯುತ್ತದೆ, ಹಾಗಾಗಿ ಅದರ ಪ್ರಾಯವನ್ನು ತೆಗೆಯುವ ಹಕ್ಕು ನಮಗಿದೆ. ಬೆಕ್ಕು ದುಡಿಯೋದು ಕಾಣೋದಿಲ್ಲ, ಹಾಗಾಗಿ ಅದರ ಪ್ರಾಯ ಪವಿತ್ರ. ಇದರಲ್ಲಿರೋದು ಕರುಣೆ ಅಲ್ಲ ಸ್ವಾಮಿ, ಖರ್ಚಿನ ಲೆಕ್ಕ.

ನಗರದವರ ಪವಿತ್ರತೆ ಬೇರೆ ತರಹದ್ದು. "ಇಟ್ಸ್ ನಾಟ್ ನ್ಯಾಚುರಲ್ ಯಾರ್" ಅನ್ನುತ್ತಾರೆ, ಏಳನೇ ಮಹಡಿಯ ಫ್ಲ್ಯಾಟಿನಲ್ಲಿ, ಕಿಟಕಿಗೆ ಬಲೆ ಹೊಡೆಸಿ, ಪ್ಯಾಕೆಟ್ಟಿನ ಟ್ಯೂನಾ ತಿನ್ನಿಸುತ್ತಾ. ಅಲ್ರೀ, ಆ ಬೆಕ್ಕಿನ ಬದುಕಿನಲ್ಲಿ ನ್ಯಾಚುರಲ್ ಆಗಿ ಉಳಿದಿರೋದು ಏನು? ಹೊರಗೆ ಹೆಣ್ಣು ಕೂಗುವುದು ಕೇಳುತ್ತದೆ, ಹೋಗಲು ಬಾಗಿಲಿಲ್ಲ. ಕೆಳಗಿನ ಪಾರ್ಕಿಂಗಿನಲ್ಲಿ ಇನ್ನೊಂದು ಗಂಡು ಓಡಾಡೋದು ಕಾಣುತ್ತದೆ, ಬೈಯಲು ದಾರಿಯಿಲ್ಲ. ಉಳಿದಿರೋದು ನಿಮ್ಮ ಪರದೆ. ಅದಕ್ಕೆ ಸಿಡಿಸುತ್ತದೆ.

ಲೆಕ್ಕ ಕೇಳುವವರಿಗೆ ಲೆಕ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ 1970ರ ದಶಕದಿಂದಲೇ ಇದನ್ನು ಅಧ್ಯಯನ ಮಾಡಿದವರು. ದೊಡ್ಡದಾದ ಮೇಲೆ ಆಪರೇಶನ್ ಮಾಡಿದರೂ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತು ಸಿಡಿಸುವುದನ್ನು ಬಿಡುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ. ಪ್ರಾಯಕ್ಕೆ ಮುಂಚೆಯೇ ಮಾಡಿಸಿದರೆ ಮುಂದೆ ಗಂಡುಗಳಲ್ಲಿ ನೂರಕ್ಕೆ ಹತ್ತು, ಹೆಣ್ಣುಗಳಲ್ಲಿ ನೂರಕ್ಕೆ ಐದು ಮಾತ್ರ ಪದೇ ಪದೇ ಸಿಡಿಸುವಂಥವು ಅಂತ 1984ರಲ್ಲಿ ಬರೆದರು. ಹೌದು, ಹೆಣ್ಣೂ ಸಿಡಿಸುತ್ತದೆ. "ನಮ್ದು ಹೆಣ್ಣು, ಅದು ಅಲ್ಲ" ಅಂತ ಗಂಡಿಗೆ ಹೊಡೆದ ಮನೆಗಳು ನನಗೆ ಗೊತ್ತು. ಮತ್ತೆ ಆ ನೂರಕ್ಕೆ ಹತ್ತನ್ನು ಮುಚ್ಚಿಡಲು ನಾನು ಹೋಗೋದಿಲ್ಲ. ಆಪರೇಶನ್ ಮಾಡಿಸಿದ ಮೇಲೂ ಸಿಡಿಸುವ ಬೆಕ್ಕು ಇದೆ, ಬೆಂಗಳೂರಿನಲ್ಲಿ ನನ್ನ ಮನೆಯಲ್ಲೇ ಒಂದಿದೆ. ಅದರ ಕಥೆ ಮುಂದೆ.

ಚೀಲದ ವಾದಕ್ಕೆ ಇನ್ನೊಂದು ಮಾತು ಬಾಕಿ ಇದೆ. ಪಾಪದ ಮಾತು ಬಿಡಿ, ಅದು ಕೆಲಸಕ್ಕೂ ಬರೋದಿಲ್ಲ. ಒಂದು ಗಂಡನ್ನು ಒಯ್ದು ಬಿಟ್ಟರೆ ಅದರ ಜಾಗ ಖಾಲಿ. ಖಾಲಿ ಜಾಗ, ಇಲಿ ಇರುವ ಮನೆ, ಬೆದೆಗೆ ಬರುವ ಎರಡು ಹೆಣ್ಣು. ಪಕ್ಕದ ಓಣಿಯ ಮಾಳಬೆಕ್ಕಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ? ಹೊಸದಾಗಿ ಬಂದದ್ದು ಹಳೆಯ ವಾಸನೆ ಅಳಿಸಲು ಹಳೆಯದಕ್ಕಿಂತ ಹೆಚ್ಚು ಸಿಡಿಸುತ್ತದೆ. ನಮ್ಮ ಕಾಕಾ ಹೀಗೆ ಎಷ್ಟು ಬೆಕ್ಕು ಸಾಗಿಸಿದನೋ, ಪಡಸಾಲೆಯ ಕಂಬ ಒಂದು ವರ್ಷವೂ ಒಣಗಿದ್ದು ನಾನು ನೋಡಿಲ್ಲ. ಕಾನೂನು ಬೇಕಾ? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟು ಬರುವುದು ಅದರ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು! ಕಾಕಾ ಈಗ ಮಿರ್ಚಿ ತಿನ್ನಿಸಲು ಕರೆದುಕೊಂಡು ಹೋದರೆ ಅದಕ್ಕಿಂತ ಹೆಚ್ಚು ಬಿಲ್ ಆಗುತ್ತದೆ.

ಈಗ ಫಿನಾಯಿಲ್. ಇದು ಎಲ್ಲರೂ ಮಾಡುವ ತಪ್ಪು, ನನ್ನ ಅವ್ವ ಮಾಡಿದ್ದಾಳೆ, ನಾನು ಮಾಡಿದ್ದೇನೆ, ನಿಮ್ಮ ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗಿನವರು ಈ ಕ್ಷಣ ಮಾಡುತ್ತಿರಬಹುದು. ಬೆಕ್ಕು ಸಿಡಿಸಿದ ಜಾಗಕ್ಕೆ ಕರೇ ಫಿನಾಯಿಲ್ ಸುರಿದರೆ ಮನುಷ್ಯನ ಮೂಗಿಗೆ ಸ್ವಚ್ಛವಾಯಿತು ಅನಿಸುತ್ತದೆ. ಬೆಕ್ಕಿಗೆ? ತನ್ನ ಸಹಿಯ ಮೇಲೆ ಯಾರೋ ದೊಡ್ಡದಾಗಿ ಗೀಚಿದ್ದಾರೆ. ಅದು ಮತ್ತೆ ಬಂದು ಇನ್ನೂ ದಪ್ಪಗೆ ಸಹಿ ಹಾಕುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫೀನಾಲ್ ಜಾತಿಯ ವಸ್ತುಗಳನ್ನು ಜೀರ್ಣಿಸಿ ಹೊರಹಾಕಲು ನಮ್ಮ ಪಿತ್ತಜನಕಾಂಗದಲ್ಲಿ ಒಂದು ಕಿಣ್ವ ಇದೆ. ಬೆಕ್ಕಿನ ವಂಶದಲ್ಲಿ ಆ ಕಿಣ್ವದ ಜೀನು ಮುರಿದುಹೋಗಿದೆ. ಬೆಕ್ಕು ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ. ನೀವು ನೆಲಕ್ಕೆ ಹಾಕಿದ್ದು ಅದರ ಹೊಟ್ಟೆಗೆ. ಕ್ಲೋರೊಕ್ಸಿಲೆನಾಲ್ ಇರುವ ಆಂಟಿಸೆಪ್ಟಿಕ್‌ಗಳೂ ಇದೇ ಸಾಲಿನವು. ಪ್ಯಾರಾಸಿಟಮಾಲ್ ಕೂಡ ಇದೇ ಕಾರಣಕ್ಕೆ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಸಾಯಿಸಬಲ್ಲದು. "ಜ್ವರ ಇದೆ, ಅರ್ಧ ಹಾಕಿದೆ" ಅನ್ನುವ ಒಳ್ಳೆಯ ಜನರೇ, ದಯವಿಟ್ಟು ನಿಲ್ಲಿಸಿ. ಬ್ಲೀಚ್ ಸುರಿಯುವವರಿಗೆ ಒಂದೇ ಸಾಲು: ಮೂತ್ರದ ಅಮೋನಿಯಾ ಜೊತೆ ಅದು ಸೇರಿದರೆ ಏಳುವ ಹಬೆ ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಹಾಗಾದರೆ ಏನು ಹಾಕಬೇಕು? ಎಂಜೈಮ್ ಇರುವ ಬಟ್ಟೆ ತೊಳೆಯುವ ಪುಡಿ. ಪಾಕೆಟ್ಟಿನ ಹಿಂದೆ ಬರೆದಿರುತ್ತದೆ, ಓದಿ. ಒಂದು ಪಾಲು ಪುಡಿಗೆ ಒಂಬತ್ತು ಪಾಲು ನೀರು, ಕುದಿಯುವ ನೀರಲ್ಲ, ಕುದಿ ನೀರಿಗೆ ಎಂಜೈಮ್ ಸಾಯುತ್ತದೆ. ಒರೆಸಿ, ಸ್ವಲ್ಪ ಹೊತ್ತು ಬಿಟ್ಟು, ಬರೀ ನೀರಲ್ಲಿ ತೊಳೆದು, ಒಣಗಿಸಿ, ಮೇಲೆ ಸರ್ಜಿಕಲ್ ಸ್ಪಿರಿಟ್ ಒರೆಸಿ ಆರಲು ಬಿಡಿ. ಹಳೇ ಕಲೆಗೆ ಒಂದೇ ಸಲ ಸಾಲದು. ಅವ್ವನಿಗೆ ಇದನ್ನ ಹೇಳಿದಾಗ ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: "ಜಗಲಿ ಅರಬಿ ತೊಳಿಯೋ ಪುಡಿಲೆ ಒರಸ್ಲೇನೋ?" ಒರೆಸಿದಳು. ಆಮೇಲೆ ತನ್ನ ಸಮಾಧಾನಕ್ಕೆ ಮೇಲೊಂದು ಸಲ ಗೋಮೂತ್ರ ಚಿಮುಕಿಸಿದಳಂತೆ. ಒಂದು ಪ್ರಾಣಿಯ ಉಚ್ಚೆಯಿಂದ ಆದ ಮೈಲಿಗೆಯನ್ನು ಇನ್ನೊಂದರದ್ದರಿಂದ ತೊಳೆಯುವ ವಿಚಾರದಲ್ಲಿ ನಾನು ತಲೆ ಹಾಕಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಚೀಲದ ತೀರ್ಮಾನ ಅಪ್ಪನದು, ಬೈಕು ಕಾಕಾನದು, ಕರುಣೆಯ ಭಾಷಣ ಬೆಂಗಳೂರಿನಿಂದ ನನ್ನದು. ಒರೆಸುವ ಬಟ್ಟೆ ಮಾತ್ರ ಮೊದಲಿಂದಲೂ ಅವ್ವನ ಕೈಯಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಸಿಗೆ ಒದ್ದೆಯಾದದ್ದು ಕಂಡು, ಅದನ್ನ ಬಿಸಿಲಿಗೆ ಹಾಕಿ, ಜೋಳದ ಚೀಲ ಸರಿಸಿ ಸುರಿದು ಆರಿಸಿ, ಆಮೇಲೆ ರೊಟ್ಟಿ ಬಡಿಯುವವಳಿಗೆ ಬೆಕ್ಕಿನ ಮೇಲೆ ಸಿಟ್ಟು ಬಂದರೆ ಅದು ಕ್ರೌರ್ಯ ಅಲ್ಲ. ಪ್ರಾಣಿದಯೆಯ ಮಾತಾಡುವ ನಮ್ಮಂಥವರು ಇದನ್ನ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಬೆಂಗಳೂರಿನಲ್ಲಿ ಇನ್ನೂ ಚೆಂದ. ಐದು ಬೆಕ್ಕು ಸಾಕಿದ ಗೆಳತಿಯೊಬ್ಬಳ ಮನೆ, ಒಂದು ಬಿಎಚ್‌ಕೆ. ರೀಲ್ಸ್‌ನಲ್ಲಿ ಐದೂ ಬೆಕ್ಕು ಒಂದೇ ಹಾಸಿಗೆಯ ಮೇಲೆ. ಲಿಟರ್ ಬಾಕ್ಸು ಎರಡು, ಎರಡೂ ಬಾತ್‌ರೂಮಿನಲ್ಲಿ ಒಂದರ ಪಕ್ಕ ಒಂದು. ಅದನ್ನ ಎತ್ತುವವರು ಯಾರು ಅಂದೆ. "ಅಕ್ಕ ಬರ್ತಾರಲ್ಲ." ಪಾತ್ರೆ, ಕಸ, ನೆಲ ಅಂತ ಮಾತಾಡಿ ಕೆಲಸಕ್ಕೆ ಬಂದ ಅಕ್ಕ. ಐದು ಬೆಕ್ಕಿನ ಹೇಲು ಉಚ್ಚೆ ಎತ್ತಲು ಎಷ್ಟು ಹೆಚ್ಚಿಗೆ ಕೊಡ್ತೀಯ ಅಂದರೆ ಮಾತು ಬದಲಿಸಿದಳು. ನಿಮ್ಮ ಬೆಕ್ಕಿನ ಡಬ್ಬ ನೀವು ಎತ್ತಿ. ಎತ್ತಲಾರಿರಾ, ಅದಕ್ಕೆ ಬೇರೆ ದುಡ್ಡು ಮಾತಾಡಿ, ಅವರು ಒಪ್ಪಿದರೆ ಮಾತ್ರ. ಸ್ವತಃ ಎತ್ತುವವರಿಗೆ ಇನ್ನೊಂದು ಲಾಭವಿದೆ, ಯಾವ ಬೆಕ್ಕು ಇವತ್ತು ಉಚ್ಚೆ ಹೊಯ್ದಿಲ್ಲ ಅನ್ನೋದು ಗೊತ್ತಾಗುತ್ತದೆ. ಅದಕ್ಕೆ ಈಗಲೇ ಬರುತ್ತೇನೆ, ಅದು ಪ್ರಾಣದ ವಿಷಯ.

ಮೊದಲು ಈ ಐದರ ಲೆಕ್ಕ. ಬೆಕ್ಕಿನ ಸಂಖ್ಯೆ ಏರಿದ ಹಾಗೆ ಸಿಡಿಸುವ ಸಾಧ್ಯತೆ ಏರುತ್ತದೆ. ಇದರಲ್ಲಿ ರಹಸ್ಯವಿಲ್ಲ. ಐವರು ಅಪರಿಚಿತರನ್ನು ಒಂದು ಪೀಜಿ ಕೋಣೆಗೆ ಹಾಕಿ ಒಂದೇ ಟಾಯ್ಲೆಟ್ಟು ಕೊಟ್ಟು, ಬಾಗಿಲಲ್ಲಿ ಅವರಲ್ಲೇ ದಾಂಡಿಗನೊಬ್ಬ ಕೂತರೆ ಏನಾಗುತ್ತೋ ಅದೇ. ಬೆಕ್ಕುಗಳ ಜಗಳದಲ್ಲಿ ಸದ್ದು ಇರಲೇಬೇಕು ಅಂತಿಲ್ಲ. ಒಂದು ಬೆಕ್ಕು ಓಣಿಯಂಥ ಜಾಗದಲ್ಲಿ ಸುಮ್ಮನೆ ಮಲಗಿ ಇನ್ನೊಂದನ್ನು ದಿಟ್ಟಿಸಿದರೆ ಸಾಕು, ಅದು ಡಬ್ಬದ ಕಡೆ ಹೋಗೋದಿಲ್ಲ. ನೀವು "ನೋಡು ಎಷ್ಟು ಶಾಂತವಾಗಿವೆ" ಅಂತ ಫೋಟೋ ತೆಗೀತೀರಿ. ಆದ್ದರಿಂದಲೇ ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು ಡಬ್ಬ, ಬೇರೆ ಬೇರೆ ಕೋಣೆಯಲ್ಲಿ. ಸಾಲಾಗಿ ಇಟ್ಟ ನಾಲ್ಕು ಡಬ್ಬ ಬೆಕ್ಕಿನ ಲೆಕ್ಕದಲ್ಲಿ ಒಂದೇ. ಊಟದ ತಟ್ಟೆಯೂ ಬೇರೆ ಬೇರೆ ಕಡೆ, ಒಂದಕ್ಕೊಂದು ಕಾಣದ ಹಾಗೆ. ಎತ್ತರದಲ್ಲಿ ಕೂರಲು ಜಾಗ. ಇಷ್ಟಕ್ಕೆ ನಿಮ್ಮ ಮನೆಯಲ್ಲಿ ಸ್ಥಳವಿಲ್ಲವಾದರೆ ಆರನೇ ಮರಿಯನ್ನು ರಸ್ತೆಯಿಂದ ಎತ್ತಿ ತರುವಾಗ ನೀವು ರಕ್ಷಿಸುತ್ತಿರುವುದು ಯಾರನ್ನು ಅಂತ ಒಮ್ಮೆ ಕೇಳಿಕೊಳ್ಳಿ. ಮೊದಲಿನ ಐದನ್ನಂತೂ ಅಲ್ಲ.

ಪ್ರಾಣದ ವಿಷಯ. ನಿಂತು ಗೋಡೆಗೆ ಸ್ವಲ್ಪವೇ ಸಿಡಿಸಿದರೆ ಅದು ಗುರುತು. ಕೂತು ನೆಲದ ಮೇಲೋ ಹಾಸಿಗೆಯ ಮೇಲೋ ಮಡುಗಟ್ಟುವಷ್ಟು ಹೊಯ್ದರೆ ಅದು ಬೇರೆ ಕಥೆ: ಡಬ್ಬ ಗಲೀಜಾಗಿರಬಹುದು, ಮಂಡಿ ನೋವಿರಬಹುದು, ಮೂತ್ರಪಿಂಡವೋ ಸಕ್ಕರೆ ಕಾಯಿಲೆಯೋ ಇರಬಹುದು. ಇನ್ನು ಗಂಡುಬೆಕ್ಕು ಪದೇ ಪದೇ ಕೂತು, ತಿಣುಕಿ, ಕೂಗಿ, ಒಂದು ಹನಿ ಮಾತ್ರ ಬಂದರೆ, ಅಥವಾ ಅದೂ ಬರದಿದ್ದರೆ, ಇಂಟರ್‌ನೆಟ್ ನೋಡುತ್ತಾ ಕೂರಬೇಡಿ, ನಾಳೆ ಅನ್ನಬೇಡಿ. ಮೂತ್ರನಾಳ ಕಟ್ಟಿದೆ. ಒಂದೆರಡು ದಿನದಲ್ಲಿ ಸಾಯುತ್ತದೆ. ಆ ಸಾವು ಸುಲಭದ್ದಲ್ಲ. ಹೀಗೆ ತಿಣುಕುವ ಬೆಕ್ಕನ್ನು "ಎಲ್ಲೆಂದರಲ್ಲಿ ಮಾಡುತ್ತೆ" ಅಂತ ಹೊಡೆದು ಬಾಲ್ಕನಿಗೆ ಹಾಕಿದವರ ಮನೆ ನೋಡಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಮುಗಿದಿತ್ತು.

ನನ್ನ ಮನೆಯ ಆ ನೂರಕ್ಕೆ ಹತ್ತರ ಗಿರಾಕಿಯ ಕಥೆ. ಆಪರೇಶನ್ ಆಗಿದೆ, ತಪಾಸಣೆ ಆಗಿದೆ, ಕಾಯಿಲೆ ಇಲ್ಲ. ಆದರೂ ಹಾಲಿನ ಕಿಟಕಿಯ ಕೆಳಗೇ ಸಿಡಿಸುತ್ತಿತ್ತು. ಫ್ರಾನ್ಸಿನ ಪ್ಯಾಟ್ರಿಕ್ ಪಾಜಾ ಎಂಬ ಪಶುವೈದ್ಯರು ಬೆಕ್ಕಿನ ಕೆನ್ನೆಯ ಫೆರಮೋನಿನ ನಕಲು ಕಂಡುಹಿಡಿದು, ಅದು 1990ರ ದಶಕದಿಂದ ಮಾರುಕಟ್ಟೆಯಲ್ಲಿದೆ. ಗೋಡೆಯ ಪ್ಲಗ್ಗಿಗೆ ಹಾಕುವ ಆ ಸೀಸೆ ತಂದೆ. ನನ್ನ ಬೆಕ್ಕಿಗೆ ಅದರಿಂದ ಅಷ್ಟೇನೂ ಆಗಲಿಲ್ಲ, ಕೆಲವಕ್ಕೆ ಆಗುತ್ತದಂತೆ. ಕೊನೆಗೆ ಒಂದು ರಾತ್ರಿ ನಾನೇ ನೆಲದ ಮೇಲೆ, ಬೆಕ್ಕಿನ ಎತ್ತರಕ್ಕೆ, ಮಲಗಿ ಕಿಟಕಿಯ ಹೊರಗೆ ನೋಡಿದೆ. ಎದುರಿನ ಕಾಂಪೌಂಡ್ ಗೋಡೆಯ ಮೇಲೆ ಒಂದು ಹಳದಿ ಮಾಳಬೆಕ್ಕು ಕೂತು ನಮ್ಮನ್ನೇ ನೋಡುತ್ತಿತ್ತು. ಕಿಟಕಿಯ ಕೆಳಗಿನ ಅರ್ಧ ಗಾಜಿಗೆ ಮಂಜು ಹಾಳೆ ಅಂಟಿಸಿದೆ. ವಾರದಲ್ಲಿ ಮುಕ್ಕಾಲು ಪಾಲು ನಿಂತಿತು. ಬೇಜಾರಾದ ಪರದೆ, ಹೊಡೆದ ಏಟು, ಮನೆ ಮಾಲೀಕರ ಜೊತೆ ಆಡಿದ ಸುಳ್ಳು, ಇಷ್ಟೆಲ್ಲಾ ಆದಮೇಲೆ. ಹೌದು, ನಾನೂ ಹೊಡೆದಿದ್ದೆ. ಹೊಡೆದ ಮೇಲೆ ಅದು ನನ್ನ ಕಣ್ಣು ತಪ್ಪಿಸಿ ಸಿಡಿಸುವುದನ್ನು ಕಲಿತಿತ್ತು, ಅಷ್ಟೆ.

ಊರಿನ ಕಥೆಯಲ್ಲಿ ಹಾಳೆ ಅಂಟಿಸಲು ಕಿಟಕಿಯಿಲ್ಲ. ಅಲ್ಲಿ ನಾಲ್ಕು ಬೆಕ್ಕು, ಎರಡು ಹೆಣ್ಣು, ಒಂದು ಅರೆಬಲಿತ ಮರಿ, ಈ ಕರಿಯ. ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಊರಿನ ಮಾಳಬೆಕ್ಕೆಲ್ಲ ಪಡಸಾಲೆಯ ಮೇಲೇ ಹಾದುಹೋಗುತ್ತವೆ. ಹಳ್ಳಿಯ ದವಾಖಾನೆಯ ಡಾಕ್ಟರಿಗೆ ಕಾಲುಬಾಯಿ ಬೇನೆಯ ಲಸಿಕೆ, ಎಮ್ಮೆಯ ಗರ್ಭಕಟ್ಟುವ ಕೆಲಸವೇ ಕೈತುಂಬ. ಹಾಲು ಕೊಡದ, ನೊಗ ಹೊರದ ಪ್ರಾಣಿಗೆ ಸರ್ಕಾರದ ಕಾಗದದಲ್ಲಿ ಕಾಲಂ ಇದ್ದರೂ ಹಳ್ಳಿಯಲ್ಲಿ ಟೇಬಲ್ ಇಲ್ಲ. ಹಾಗಾಗಿ ಬೆಳಗಾವಿಗೇ ಒಯ್ಯಬೇಕು. ಬೆಂಗಳೂರಿನಲ್ಲಿ ಕೂತು "ಆಪರೇಶನ್ ಮಾಡಿಸಿ" ಅನ್ನೋದು ಸುಲಭ. ಒಂದು ದಿನದ ಕೂಲಿ, ಬಾಡಿಗೆ, ಆಪರೇಶನ್ನಿನ ಖರ್ಚು, ಊರವರ ನಗು, ಇವೆಲ್ಲ ಅಲ್ಲಿಯವರದು. ದುಡ್ಡು ನಾನು ಕಳಿಸಿದೆ. ನಗು ತಮ್ಮನ ಪಾಲಿಗೆ ಬಂತು. "ಏನಲೇ, ಬೆಕ್ಕಿಗೆ ಬೀಜ ಒಡಸಾಕ ಬೆಳಗಾವಿಗೆ ಹೊಂಟಿ?" ಅಂತ ಬಸ್ಸಿನ ತುಂಬ.

ಅಪ್ಪನನ್ನು ಒಪ್ಪಿಸಿದ್ದು ನಾನಲ್ಲ, ಹಾರ್ಟ್ ಸಾಹೇಬರೂ ಅಲ್ಲ. ಅವ್ವ. "ಎತ್ತಿಗೆ ಮಾಡಸಿದಿ, ಬೆಕ್ಕಿಗೆ ಯಾಕ ಬ್ಯಾಡ? ಚೀಲದಾಗ ಒಯ್ದ ಬಿಟ್ರ ಮತ್ತೊಂದು ಬರ್ತೈತಿ, ಒರಸಾಕಿ ನಾನ. ನೀ ಒರಸ್ತಿ ಅಂದ್ರ ಒಯ್ಯಿ" ಅಂದಳಂತೆ. ಅಪ್ಪ ಒರೆಸಲು ತಯಾರಿರಲಿಲ್ಲ.

ಕರಿಯ ಬಾಳೆಹಣ್ಣಿನ ಬುಟ್ಟಿಯಲ್ಲಿ, ಮೇಲೆ ಇನ್ನೊಂದು ಬುಟ್ಟಿ ಕಟ್ಟಿಸಿಕೊಂಡು ಬೆಳಗಾವಿಗೆ ಹೋಗಿ ಸಂಜೆಗೆ ವಾಪಸ್ ಬಂತು. ರಕ್ತದಲ್ಲಿನ ಹಾರ್ಮೋನು ಬೇಗ ಇಳಿದರೂ ಸಿಡಿಸುವ ಚಟ ಇಳಿಯಲು ವಾರಗಳು ಬೇಕಾಗಬಹುದು, ಕೂಡಲೇ ನಿಲ್ಲಲ್ಲ ಅಂತ ಮೊದಲೇ ಹೇಳಿದ್ದೆ. ಆದರೂ ಎರಡನೇ ವಾರ "ಏನೂ ಫರಕ್ ಇಲ್ಲ" ಅಂತ ಫೋನು ಬಂತು, ಮೂರನೇ ವಾರವೂ ಬಂತು. ದೀಪಾವಳಿಯ ಹೊತ್ತಿಗೆ ಆ ವಿಷಯದ ಫೋನೇ ನಿಂತಿತ್ತು. ನಾನೇ ಕೇಳಿದೆ.

"ಜಗಲಿ ಬಿಟ್ಟೈತಿ, ಜ್ವಾಳದ ಚೀಲಾನೂ ಬಿಟ್ಟೈತಿ. ದನದ ಮನಿ ಗ್ವಾಡಿಗೆ ಇನ್ನೂ ಒಮ್ಮೊಮ್ಮೆ ಸಿಡಸ್ತೈತಿ" ಅಂದಳು ಅವ್ವ. "ಇರ್ಲಿ ಬಿಡು, ಅದು ಎತ್ತಿಂದೂ ಅದರದೂ ವ್ಯವಹಾರ. ಈಗ ಆ ಸಣ್ಣ ಮರಿ ಯಾವಾಗ ಒಯ್ಯೂದು ಹೇಳು, ಅದಕ್ಕೂ ಐದು ತಿಂಗಳಾತು."